ಎಕ್ಸ್‌ರೇ ಸರಿಯಾಗಿದೆ, ಆಮೇಲೆ?

(ದೊಡ್ಡ ಅಪಘಾತಗಳಿಂದ ಚೇತರಿಸಿಕೊಳ್ಳುತ್ತಿರುವವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೈಯಲ್ಲಿ ನಾಲ್ಕೈದು ಕಡೆ ಪೆಟ್ಟಾಗಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದವರಿಗೆ ಒಂದು ದಿನ ಬಂದೇ ಬರುತ್ತದೆ. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೆಲಸಕ್ಕೆ ಹೋಗಬಹುದು" ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಮನೆಯವರ ಮುಖ ಅರಳುತ್ತದೆ. ಕುರ್ಚಿಯಲ್ಲಿ ಕೂತವರ ಮುಖ ಮಾತ್ರ ಹಾಗೇ ಇರುತ್ತದೆ. ಆ ಕುರ್ಚಿಯಿಂದ ಏಳಬೇಕಾದರೆ ಈಗಲೂ ಎರಡೂ ಕೈ ಊರಬೇಕಲ್ಲ ಎಂಬ ಯೋಚನೆ ಅವರದು.

ಪುನಶ್ಚೇತನ ಚಿಕಿತ್ಸೆಯ ಕೆಲಸದಲ್ಲಿರುವ ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ವಿಷಯ. ಕೆಲಸದ ಮಾತನ್ನು ನಾವು ತುಂಬಾ ತಡವಾಗಿ ಎತ್ತುತ್ತೇವೆ. ಆಪರೇಷನ್ನುಗಳು ಮುಗಿದು, ಗಾಯ ಒಣಗಿ, ಊರುಗೋಲು ಬಿಟ್ಟ ಮೇಲೆ ನಿಧಾನಕ್ಕೆ "ಕೆಲಸದ ಕಥೆ ಏನು?" ಎಂದು ಕೇಳುತ್ತೇವೆ. ರೋಗಿ ವಾರ್ಡಿನಲ್ಲಿ ಎದ್ದು ಕೂತು ನಾಲ್ಕು ಮಾತಾಡುವಂತಾದ ವಾರವೇ ಆ ಪ್ರಶ್ನೆ ಬರಬೇಕು. ಅದೂ ಹುದ್ದೆಯ ಹೆಸರು ಕೇಳಿದರೆ ಸಾಲದು. ಬೆಳಿಗ್ಗೆ ಕೆಲಸದ ಜಾಗಕ್ಕೆ ಹೋದ ಮೇಲೆ ಗಂಟೆ ಗಂಟೆಗೂ ನಿಮ್ಮ ಕೈ, ಕಾಲು, ಕಣ್ಣು, ತಲೆ ಏನೇನು ಮಾಡುತ್ತವೆ ಎಂದು ಕೇಳಬೇಕು. ಆ ಉತ್ತರ ಇಲ್ಲದೆ ಮಾಡುವ ಫಿಸಿಯೋಥೆರಪಿ ಎತ್ತಲೋ ಹೋಗುತ್ತದೆ.

ಮೊದಲು ಪೆಟ್ಟಿನ ಲೆಕ್ಕ ಹೇಗೆ ಹಾಕುತ್ತಾರೆ ನೋಡೋಣ. 1974ರಲ್ಲಿ ಅಮೆರಿಕದ ಸೂಸನ್ ಬೇಕರ್ ಮತ್ತು ಜೊತೆಗಾರರು 'ಇಂಜುರಿ ಸಿವಿಯರಿಟಿ ಸ್ಕೋರ್' ಎಂಬ ಲೆಕ್ಕ ಕೊಟ್ಟರು. ದೇಹವನ್ನು 6 ಭಾಗ ಮಾಡಿ, ಪ್ರತಿ ಭಾಗದ ಪೆಟ್ಟಿಗೂ ಅಂಕ ಕೊಟ್ಟು, ಅತಿ ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕವನ್ನು ಅದರಿಂದಲೇ ಗುಣಿಸಿ, ಬಂದ ಮೂರು ಸಂಖ್ಯೆಗಳನ್ನು ಕೂಡುತ್ತಾರೆ. ಗರಿಷ್ಠ 75. 15 ದಾಟಿದರೆ ಭಾರಿ ಪೆಟ್ಟು ಎಂದು ಎಣಿಸುವುದು ರೂಢಿ. ಇವತ್ತಿಗೂ ಜಗತ್ತಿನಾದ್ಯಂತ ಬಳಸುವ ಲೆಕ್ಕ ಇದು. ಆದರೆ ಇದು ಹುಟ್ಟಿದ್ದು ಯಾರು ಬದುಕುತ್ತಾರೆ, ಯಾರಿಗೆ ಜೀವಾಪಾಯ ಇದೆ ಎಂದು ಅಂದಾಜು ಮಾಡಲು. ಬದುಕಿ ಮನೆಗೆ ಹೋದವರು ಕೆಲಸಕ್ಕೆ ಮರಳುತ್ತಾರೋ ಇಲ್ಲವೋ ಎಂಬುದನ್ನು ಇದು ಹೇಳುವುದಿಲ್ಲ. ಮುಂಗೈಗೆ ಬಿದ್ದ ಪೆಟ್ಟಿಗೆ ಇಲ್ಲಿ ಸಿಗುವ ಅಂಕ ಕಡಿಮೆ. ಅದೇ ಮುಂಗೈ ಒಬ್ಬ ಬಡಗಿಯ ಇಡೀ ಜೀವನ.

ಹಲವು ಪೆಟ್ಟು ಒಟ್ಟಿಗೆ ಆದಾಗ ಇನ್ನೊಂದು ತೊಡಕಿದೆ. ಪ್ರತಿಯೊಂದಕ್ಕೂ ಅದರದ್ದೇ ವೇಗ. ತೊಡೆಮೂಳೆ ಮುರಿದು ರಾಡ್ ಹಾಕಿದರೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ಸ್ನಾಯು ಕರಗುವುದು ಮಾತ್ರ ಬಲು ಬೇಗ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಐಸಿಯುನಲ್ಲಿದ್ದ ತೀವ್ರ ರೋಗಿಗಳ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಾಗ ಕೇವಲ 10 ದಿನಕ್ಕೆ ಅದರ ಗಾತ್ರ ಸುಮಾರು ಶೇ. 18ರಷ್ಟು ಇಳಿದಿತ್ತು. ಕರಗಲು ಹತ್ತು ದಿನ, ಕಟ್ಟಲು ತಿಂಗಳುಗಳು. ಇನ್ನು ನರ. ತುಂಡಾದ ನರವನ್ನು ಜೋಡಿಸಿದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಭುಜದ ಹತ್ತಿರ ಪೆಟ್ಟಾದ ನರ ಬೆರಳಿನ ತುದಿ ಮುಟ್ಟಬೇಕಾದರೆ ವರ್ಷ ದಾಟುತ್ತದೆ. ಅಷ್ಟರಲ್ಲಿ ನರವಿಲ್ಲದ ಸ್ನಾಯು ಒಣಗಿಹೋಗದಂತೆ, ಕೀಲು ಬಿಗಿಯದಂತೆ ದಿನಾ ನೋಡಿಕೊಳ್ಳಬೇಕು. ಒಂದು ವರ್ಷದ ಹೊತ್ತಿಗೆ ಕಾಲು ಓಡಾಡುತ್ತಿರುತ್ತದೆ, ಕೈ ಇನ್ನೂ ಜೋಮು ಹಿಡಿದಿರುತ್ತದೆ. "ಒಂದು ವರ್ಷ ಆಯ್ತಲ್ಲ, ಇನ್ನೂ ಹುಷಾರಾಗಿಲ್ವಾ?" ಎಂದು ಕೇಳುವವರಿಗೆ ಯಾವ ಭಾಗದ ಬಗ್ಗೆ ಉತ್ತರ ಕೊಡಬೇಕು ಹೇಳಿ.

ತಲೆಗೆ ಪೆಟ್ಟಾಗಿದ್ದರೆ ವಿಷಯವೇ ಬೇರೆ. ಸ್ಕ್ಯಾನ್ ಚೆನ್ನಾಗಿರಬಹುದು, ಮಾತು ಚೆನ್ನಾಗಿರಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ತಲೆ ಕೆಲಸ ಮಾಡುವುದು ನಿಲ್ಲುತ್ತದೆ. ಎರಡು ಜನ ಒಟ್ಟಿಗೆ ಮಾತಾಡಿದರೆ ಯಾರದ್ದೂ ತಲೆಗೆ ಹೋಗುವುದಿಲ್ಲ. ಸಣ್ಣದಕ್ಕೆ ಸಿಟ್ಟು ಬರುತ್ತದೆ. ಈ ಸುಸ್ತು ಸೋಮಾರಿತನ ಅಲ್ಲ. ಮೊದಲು ತನ್ನಷ್ಟಕ್ಕೆ ತಾನೇ ಆಗುತ್ತಿದ್ದ ಕೆಲಸವನ್ನು ಈಗ ಮೆದುಳು ಗಮನ ಕೊಟ್ಟು, ಕಷ್ಟಪಟ್ಟು ಮಾಡಬೇಕಾಗಿದೆ.

ತಲೆಪೆಟ್ಟು ಮತ್ತು ಕೆಲಸ ಎಂದಾಗ ನನಗೆ ಫಿನಿಯಾಸ್ ಗೇಜ್ ನೆನಪಾಗುತ್ತಾರೆ. ಅಮೆರಿಕದಲ್ಲಿ ರೈಲು ಹಳಿಗೆ ಬಂಡೆ ಸಿಡಿಸುವ ತಂಡದ ಮೇಸ್ತ್ರಿ, 25 ವರ್ಷದವರು. 1848ರ ಸೆಪ್ಟೆಂಬರ್ 13ರಂದು ಸಿಡಿಮದ್ದು ಹೊತ್ತಿಕೊಂಡು ಒಂದು ಮೀಟರಿಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವರ ಕೆನ್ನೆಯಿಂದ ಒಳಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವರು ಬದುಕಿದರು. ಸ್ವಭಾವ ಬದಲಾಯಿತು, ತಾಳ್ಮೆ ಹೋಯಿತು, ಮೊದಲಿನ ಗೇಜ್ ಅಲ್ಲವೇ ಅಲ್ಲ ಎಂದು ಗೆಳೆಯರು ಹೇಳಿದರು. ಅವರನ್ನು ಅತ್ಯುತ್ತಮ ಮೇಸ್ತ್ರಿ ಎನ್ನುತ್ತಿದ್ದ ಗುತ್ತಿಗೆದಾರರು ಹಳೆಯ ಕೆಲಸ ಕೊಡಲು ಒಪ್ಪಲಿಲ್ಲ. ಮೆದುಳಿನ ಪುಸ್ತಕಗಳು ಈ ಕಥೆಯನ್ನು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಮುಂದಿನದು ನಮಗೆ ಮುಖ್ಯ. ಗೇಜ್ ಕುದುರೆ ಲಾಯದಲ್ಲಿ ಕೆಲಸಕ್ಕೆ ಸೇರಿದರು. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ, ವರ್ಷಗಟ್ಟಲೆ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದರು. ಹಲವು ಕುದುರೆಗಳ ಲಗಾಮು ಒಟ್ಟಿಗೆ ಹಿಡಿಯುವುದು, ಪ್ರಯಾಣಿಕರನ್ನು ನೋಡಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಹೊರಡುವುದು. ದಿನಾ ಅದೇ ದಾರಿ, ಅದೇ ಕ್ರಮ. ಕೊನೆಗೆ ಫಿಟ್ಸ್ ಶುರುವಾಗಿ 1860ರಲ್ಲಿ ತೀರಿಕೊಂಡರು.

ದಿನಚರಿ ಗಟ್ಟಿಯಾಗಿದ್ದ ಆ ಕೆಲಸವೇ ಗೇಜ್‌ಗೆ ಚಿಕಿತ್ಸೆಯಾಗಿರಬೇಕು ಎಂದು ಅವರ ಬದುಕನ್ನು ಮರುಪರಿಶೀಲಿಸಿದ ಸಂಶೋಧಕರು ವಾದಿಸಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ. ತಲೆಪೆಟ್ಟಾದವರಿಗೆ ಹತ್ತು ನಿರ್ಧಾರ ಒಟ್ಟಿಗೆ ತೆಗೆದುಕೊಳ್ಳುವ ಮೇಲ್ವಿಚಾರಕನ ಕೆಲಸ ಭಾರ. ಮುಂದೇನು ಎಂದು ಮೊದಲೇ ಗೊತ್ತಿರುವ ಕೆಲಸ ಅವರ ಕೈ ಹಿಡಿಯುತ್ತದೆ.

ಈಗ ಒಂದು ಕೆಲಸವನ್ನು ಬಿಡಿಸಿ ನೋಡೋಣ. ಒಬ್ಬ ಎಲೆಕ್ಟ್ರಿಷಿಯನ್ ಎಂದುಕೊಳ್ಳಿ. ಬಲ ತೊಡೆಗೆ ರಾಡ್, ಎಡ ಕಣಕಾಲಿಗೆ ಸ್ಕ್ರೂ, ಬಲ ಮುಂಗೈಗೆ ಪ್ಲೇಟ್, ಎಡ ಕೊರಳೆಲುಬು (ಕಾಲರ್ ಬೋನ್) ಮುರಿದು ಕೂಡಿದೆ. ತಲೆಗೂ ಪೆಟ್ಟಾಗಿ ಎರಡು ದಿನ ಪ್ರಜ್ಞೆ ಸರಿಯಿರಲಿಲ್ಲ. ಎಂಟು ತಿಂಗಳಾಗಿದೆ, ಎಕ್ಸ್‌ರೇ ಎಲ್ಲ ಚೆನ್ನಾಗಿದೆ.

ಕೆಲಸ ಚಾವಣಿಯ ಫ್ಯಾನ್ ಜೋಡಿಸುವುದು. ಏಣಿ ಹತ್ತುವುದು ಒಂದು ರೀತಿ ಸುಲಭ. ಇಳಿಯುವುದು ಕಷ್ಟ. ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿರುವ ಕಾಲಿನ ಕಣಕಾಲು ಚೆನ್ನಾಗಿ ಬಾಗಬೇಕು, ಅದೇ ತೊಡೆಯ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಇಡೀ ಮೈಭಾರ ತಡೆಯಬೇಕು. ಸಪಾಟು ನೆಲದ ಮೇಲೆ ಕುಂಟದೆ ನಡೆಯುವವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಮೇಲೆ ಹೋದ ಮೇಲೆ ಎರಡೂ ಕೈ ತಲೆಗಿಂತ ಎತ್ತರದಲ್ಲಿ ಐದು ನಿಮಿಷ ನಿಲ್ಲಬೇಕು. ಎಡ ಭುಜಕ್ಕೆ ಆ ಶಕ್ತಿ ಬಂದಿದೆಯಾ? ಸ್ಕ್ರೂ ತಿರುಗಿಸಲು ಬಲ ಮುಂಗೈ ಪೂರ್ತಿ ಮಗುಚಬೇಕು. ಪ್ಲೇಟ್ ಹಾಕಿದ ಮುಂಗೈಯಲ್ಲಿ ಅಂಗೈ ಮೇಲಕ್ಕೆ ತಿರುಗಿಸುವ ಚಲನೆ ಮರಳುವುದು ಅನೇಕರಿಗೆ ತಡ. ಸಣ್ಣ ವೈರನ್ನು ಬೆರಳ ತುದಿಯಲ್ಲಿ ಹಿಡಿಯಬೇಕು, ಅಲ್ಲಿ ಸ್ಪರ್ಶ ಇರಬೇಕು.

ಇಷ್ಟೆಲ್ಲ ಸರಿಯಿದೆ ಎಂದುಕೊಳ್ಳಿ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕರೆದರು. ಇಳಿದು ಮಾತಾಡಿ ಮತ್ತೆ ಏಣಿ ಹತ್ತಿದರು. ಮೇನ್ ಸ್ವಿಚ್ ಆಫ್ ಮಾಡಿದ್ದೆನೋ ಇಲ್ಲವೋ? ನನ್ನ ಪ್ರಕಾರ ಈ ಪಟ್ಟಿಯಲ್ಲಿ ಅತಿ ಅಪಾಯದ ಜಾಗ ಇದೇ. ಇದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ.

ಇದು ಗೊತ್ತಿದ್ದರೆ ಫಿಸಿಯೋಥೆರಪಿ ಬೇರೆ ಥರ ನಡೆಯುತ್ತದೆ. ಸುಮ್ನೆ ಮೆತ್ತನೆ ಚೆಂಡು ಹಿಸುಕುವುದರ ಬದಲು ಹಲಗೆಗೆ ಸ್ಕ್ರೂ ಹಾಕಿಸುತ್ತೇವೆ. ಮೊದಲು ಎದೆಮಟ್ಟದಲ್ಲಿ, ಆಮೇಲೆ ತಲೆಯ ಮಟ್ಟದಲ್ಲಿ, ಕೊನೆಗೆ ಅದಕ್ಕೂ ಮೇಲೆ. ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ನಿಧಾನಕ್ಕೆ ಕೆಳಗೆ ಇಳಿಸುವ ಅಭ್ಯಾಸ. ಅದು ಬಂದ ಮೇಲೆ ಹೆಗಲಿಗೆ ಉಪಕರಣಗಳ ಚೀಲ. ಅದೂ ಬಂದ ಮೇಲೆ ಪಕ್ಕದಲ್ಲಿ ಒಬ್ಬರು ನಿಂತು ಮಾತಾಡಿಸುತ್ತಾ ಇರುವುದು. ಗಮನ ಒಡೆದಾಗ ಕಾಲು ತಪ್ಪುತ್ತದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಮೇನ್ ಸ್ವಿಚ್‌ಗೆ ಬೀಗ ಹಾಕಿ ಕೀಲಿ ಜೇಬಿನಲ್ಲಿಟ್ಟುಕೊಂಡೇ ಏಣಿ ಹತ್ತುವ ನಿಯಮ, ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಐದು ಸಾಲಿನ ಪಟ್ಟಿ, ಮೊದಲ ಕೆಲವು ತಿಂಗಳು ಜೊತೆಗೊಬ್ಬರು. ನೆನಪಿನ ಶಕ್ತಿ ಮರಳುವವರೆಗೆ ಇವು ಅದರ ಕೆಲಸ ಮಾಡುತ್ತವೆ. ಮರಳದಿದ್ದರೆ ಇವೇ ಕಾಯಂ ಆಗಲಿ, ತಪ್ಪೇನು?

ಮಂಪರು ತರುವ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಏಣಿ, ಯಂತ್ರ, ವಾಹನ ಮೂರೂ ಬೇಡ. ಫಿಟ್ಸ್ ಬಂದಿದ್ದರೆ ಡಾಕ್ಟರ ಒಪ್ಪಿಗೆ ಇಲ್ಲದೆ ವಾಹನ ಮುಟ್ಟಲೇಬಾರದು.

ಹಾಗಾದರೆ ಯಾರು ಕೆಲಸಕ್ಕೆ ಮರಳುತ್ತಾರೆ, ಯಾರು ಮರಳುವುದಿಲ್ಲ? ಅಮೆರಿಕದಲ್ಲಿ ಭಾರಿ ಪೆಟ್ಟಾದವರಿಗೆ ಚಿಕಿತ್ಸೆ ಕೊಡುವ 8 ಟ್ರಾಮಾ ಕೇಂದ್ರಗಳಲ್ಲಿ, ಕಾಲಿಗೆ ಭೀಕರ ಪೆಟ್ಟಾದ 569 ಜನರನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಾಲು ಉಳಿಸುವುದು ಒಳ್ಳೆಯದೋ, ತೆಗೆದು ಕೃತಕ ಕಾಲು ಹಾಕುವುದು ಒಳ್ಳೆಯದೋ ಎಂಬುದು ಅವರ ಪ್ರಶ್ನೆ. ಎರಡು ವರ್ಷದ ನಂತರ ನೋಡಿದರೆ ಕಾಲು ತೆಗೆದವರಲ್ಲಿ ಶೇ. 53, ಉಳಿಸಿಕೊಂಡವರಲ್ಲಿ ಶೇ. 49ರಷ್ಟು ಜನ ಕೆಲಸಕ್ಕೆ ಮರಳಿದ್ದರು. ಹೆಚ್ಚುಕಡಿಮೆ ಒಂದೇ. ಸರ್ಜನ್‌ಗಳು ವರ್ಷಗಟ್ಟಲೆ ವಾದಿಸಿದ ಪ್ರಶ್ನೆಗೆ ಕೆಲಸದ ಮಟ್ಟಿಗೆ ಅಂಥ ತೂಕ ಇರಲಿಲ್ಲ. ಚೇತರಿಕೆಯಲ್ಲಿ ವ್ಯತ್ಯಾಸ ಮಾಡಿದ್ದು ಬೇರೆಯವು: ಓದು, ಬಡತನ, ಸುತ್ತ ಇರುವವರ ಆಸರೆ, ಧೂಮಪಾನ, ಮತ್ತೆ ಮತ್ತೆ ಆಸ್ಪತ್ರೆ ಸೇರುವಂತಾಗುವುದು. "ಇದು ನನ್ನಿಂದ ಆಗುತ್ತದೆ" ಎಂಬ ನಂಬಿಕೆ ಕಡಿಮೆ ಇದ್ದವರೂ ಹಿಂದೆ ಬಿದ್ದರು.

ಆ ಪಟ್ಟಿಯಲ್ಲಿ ಪರಿಹಾರದ ಕೇಸು ನಡೆಸುವುದೂ ಇತ್ತು. ಇದನ್ನು ಕೇಳಿ ಕೆಲವರು "ನೋಡಿ, ದುಡ್ಡಿಗಾಗಿ ನಾಟಕ" ಎಂದುಬಿಡುತ್ತಾರೆ. ನಾನು ಇದನ್ನು ಗಟ್ಟಿಯಾಗಿ ವಿರೋಧಿಸುತ್ತೇನೆ. ಕೇಸು ಮುಗಿಯುವವರೆಗೆ ಒಬ್ಬ ಮನುಷ್ಯ ತನ್ನಿಂದ ಏನೇನು ಆಗುವುದಿಲ್ಲ ಎಂದು ಮತ್ತೆ ಮತ್ತೆ ಬರೆದುಕೊಡಬೇಕು, ಮತ್ತೆ ಮತ್ತೆ ತೋರಿಸಬೇಕು. ಒಂದು ದಿನ ಸ್ವಲ್ಪ ಚೆನ್ನಾಗಿ ನಡೆದರೂ ಎಲ್ಲಿ ಪರಿಹಾರ ಕೈತಪ್ಪುತ್ತದೋ ಎಂಬ ಹೆದರಿಕೆ. ಅಂಥ ಸ್ಥಿತಿಯಲ್ಲಿ ಯಾರ ಚೇತರಿಕೆಯೂ ಕುಂಟುತ್ತದೆ. ಪರಿಹಾರ ಅವರ ಹಕ್ಕು. ಬೇಗ ಸಿಗಬೇಕು, ಅಷ್ಟೇ.

ಕೆಲಸ ಕೊಟ್ಟವರ ಪಾತ್ರಕ್ಕೆ ಬರೋಣ. 1997ರಲ್ಲಿ ಕೆನಡಾದ ಕ್ವಿಬೆಕ್‌ನಿಂದ ಒಂದು ಪ್ರಯೋಗದ ವರದಿ ಬಂತು. ಬೆನ್ನುನೋವಿನಿಂದ ಕೆಲಸ ಬಿಟ್ಟು ಕೂತಿದ್ದವರಲ್ಲಿ, ಚಿಕಿತ್ಸೆಯ ಜೊತೆ ಕೆಲಸದ ಜಾಗವನ್ನೂ ನೋಡಿ ಬದಲಾವಣೆ ಮಾಡಿದ ಗುಂಪು, ಮಾಮೂಲಿ ಚಿಕಿತ್ಸೆ ಪಡೆದ ಗುಂಪಿಗಿಂತ 2.4 ಪಟ್ಟು ವೇಗವಾಗಿ ಹಳೆಯ ಕೆಲಸಕ್ಕೆ ಮರಳಿತು. ಬೆನ್ನುನೋವೂ ಹಲವು ಮೂಳೆ ಮುರಿದದ್ದೂ ಒಂದೇ ಅಲ್ಲ, ನಿಜ. ಆದರೆ ಆಸ್ಪತ್ರೆಯವರು ಕೆಲಸದ ಜಾಗಕ್ಕೆ ಕಾಲಿಟ್ಟರೆ ಏನಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿಯೂ ಕೆಲಸದ ಜಾಗದಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ, ಕೆಲಸ ಮಾಡುತ್ತಿರುವಾಗ ಅಂಗವೈಕಲ್ಯ ಬಂದವರನ್ನೂ ಸೇರಿಸಿ. ಕುರ್ಚಿಯ ಎತ್ತರ, ಕೆಳಮಹಡಿಯ ಕೋಣೆ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಅವಕಾಶ. ಹೆಚ್ಚಿನವು ಇಂಥ ಸಣ್ಣ ಸಂಗತಿಗಳೇ.

ಮರಳುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಬಹುದು. ಸೋಮವಾರ, ಬುಧವಾರ, ಶುಕ್ರವಾರ ಇದ್ದರೆ ನಡುವೆ ಒಂದೊಂದು ದಿನ ಸುಧಾರಿಸಿಕೊಳ್ಳಲು ಸಿಗುತ್ತದೆ. ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ: ಗಂಟೆ ಹೆಚ್ಚಿಸಿದ ವಾರ ಭಾರ ಹೆಚ್ಚಿಸಬೇಡಿ. ಎರಡನ್ನೂ ಹೆಚ್ಚಿಸಿ ಬಾವು ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಕೆಲಸದ ದಿನ ರಾತ್ರಿಗಿಂತ ಮರುದಿನ ಬೆಳಿಗ್ಗೆ ಹೇಗಿದೆ ಎಂದು ಬರೆದಿಡಿ. ಬೆಳಗಿನ ಬಿಗಿತ, ಬಾವು, ನಿದ್ದೆ, ತಲೆಯ ಸುಸ್ತು, ಇವು ನಿಜ ಹೇಳುತ್ತವೆ. ಬಹಳ ಜನ ಎಡವುವುದು ಒಳ್ಳೆಯ ದಿನದಂದು. ಮೈ ಹಗುರ ಅನ್ನಿಸಿತೆಂದು ವಾರದ ಕೆಲಸವನ್ನೆಲ್ಲ ಒಂದೇ ದಿನ ಮಾಡಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಒಳ್ಳೆಯ ದಿನವೂ ಅಂದುಕೊಂಡಷ್ಟೇ ಮಾಡಿ ನಿಲ್ಲಿಸುವುದು ಕಷ್ಟದ ಶಿಸ್ತು. ಅದನ್ನು ಕಲಿತವರು ಕೆಲಸದಲ್ಲಿ ಉಳಿಯುವುದನ್ನು ನಾನು ನೋಡಿದ್ದೇನೆ.

ಹೆಸರುವಾಸಿಗಳ ಕಥೆ ಕೇಳಿ ಕುಗ್ಗಬೇಡಿ. ಕಾರ್ ರೇಸಿನ ನಿಕಿ ಲೌಡಾ 1976ರ ಆಗಸ್ಟ್ 1ರಂದು ಸುಟ್ಟ ಗಾಯಗಳಿಂದ ಸಾವಿನ ಬಾಗಿಲಲ್ಲಿದ್ದರು. ಆರು ವಾರಕ್ಕೆ ಮತ್ತೆ ರೇಸಿಗಿಳಿದು ನಾಲ್ಕನೆಯವರಾದರು. ಎಲ್ಲರೂ ಹೇಳುವುದು ಇಷ್ಟನ್ನೇ. ಅದೇ ವರ್ಷದ ಕೊನೆಯ ರೇಸಿನಲ್ಲಿ ಸುರಿಯುವ ಮಳೆ ನೋಡಿ ಅವರು ಎರಡು ಸುತ್ತಿಗೆ ಕಾರು ನಿಲ್ಲಿಸಿದರು. ಒಂದೇ ಒಂದು ಅಂಕದಿಂದ ಚಾಂಪಿಯನ್ ಪಟ್ಟ ಹೋಯಿತು. ಮರುವರ್ಷ ಗೆದ್ದರು. ನನ್ನ ರೋಗಿಗಳಿಗೆ ನಾನು ಹೇಳುವುದು ಆ ಮಳೆಯ ದಿನದ ಬಗ್ಗೆ. "ಇವತ್ತು ಆಗಲ್ಲ" ಎಂದು ಹೇಳಲು ಬರುವುದೂ ಮರಳಿ ಬರುವುದರ ಭಾಗ. ಅವರ ಬೆನ್ನಿಗೆ ಒಂದು ತಂಡವಿತ್ತು ಎಂಬುದೂ ನೆನಪಿರಲಿ.

ಹಳೆಯ ಕೆಲಸ ಸಾಧ್ಯವೇ ಇಲ್ಲದವರೂ ಇಲ್ಲಿದ್ದೀರಿ. ಫ್ರಿಡಾ ಕಾಲೋ ಮೆಕ್ಸಿಕೊದಲ್ಲಿ ಡಾಕ್ಟರ್ ಆಗಬೇಕೆಂದು ಓದುತ್ತಿದ್ದ ಹುಡುಗಿ. 1925ರಲ್ಲಿ ಬಸ್ ಅಪಘಾತದಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು, ಕಾಲು ಎಲ್ಲ ಮುರಿದವು. ಮಲಗಿದಲ್ಲೇ ಚಿತ್ರ ಬಿಡಿಸಲು ಆಗುವಂತೆ ಮನೆಯವರು ಹಾಸಿಗೆಗೆ ವಿಶೇಷ ಚಿತ್ರಫಲಕ ಮಾಡಿಸಿ, ಮೇಲೆ ಕನ್ನಡಿ ಕಟ್ಟಿಸಿದರು. ತನ್ನ ಮುಖವನ್ನೇ ನೋಡಿ ಬಿಡಿಸಿದರು, ಅದೇ ಬದುಕಾಯಿತು. ನೋವು ಕೊನೆಯವರೆಗೂ ಬಿಡಲಿಲ್ಲ. ಎಲ್ಲರೂ ಫ್ರಿಡಾ ಆಗಬೇಕಿಲ್ಲ. ನನ್ನ ಕಣ್ಣಿಗೆ ಬೀಳುವುದು ಆ ಹಾಸಿಗೆಯ ಮೇಲಿನ ಫಲಕ. ಮೈ ಇದ್ದ ಸ್ಥಿತಿಗೆ ಕೆಲಸವನ್ನು ಹೊಂದಿಸಿದ್ದು, ಹುಷಾರಾಗುವವರೆಗೆ ಕಾಯದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಬೆನ್ನುಹುರಿ ಪೆಟ್ಟಾದವರನ್ನು ನೋಡಿಕೊಂಡ ಲುಡ್ವಿಗ್ ಗುಟ್‌ಮನ್ ಮಾಡಿದ್ದೂ ಇದನ್ನೇ. ಇನ್ನೇನು ಸಾಯುತ್ತಾರೆ ಎಂದು ಮೂಲೆಗೆ ಹಾಕಿದ್ದವರನ್ನು ಎಬ್ಬಿಸಿ ಮರಗೆಲಸ, ಗಡಿಯಾರ ರಿಪೇರಿ, ಟೈಪಿಂಗ್ ಕಲಿಸಿದರು. ಅಲ್ಲಿ 1948ರಲ್ಲಿ 16 ಜನರೊಂದಿಗೆ ನಡೆಸಿದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆಯಿತು.

ಮನೆಯವರಿಗೆ ಒಂದು ಮಾತು. ನಿಮ್ಮ ಪ್ರೀತಿಯಿಂದಲೇ ಅವರು ಇಲ್ಲಿಯವರೆಗೆ ಬಂದಿದ್ದಾರೆ. ಈಗ ನೀರಿನ ಲೋಟ ಅವರೇ ತಂದುಕೊಳ್ಳಲಿ, ಬಿಡಿ. ಲೋಟ ಕೈಜಾರಿದರೂ ಪರವಾಗಿಲ್ಲ. ನಿದ್ದೆ ಹಾರಿಹೋಗಿದ್ದರೆ, ಅಪಘಾತದ ಸದ್ದು ಮತ್ತೆ ಮತ್ತೆ ಕೇಳಿಸುತ್ತಿದ್ದರೆ, ಹೊರಗೆ ಹೋಗಲು ನೆಪ ಹೇಳುತ್ತಿದ್ದರೆ ಮನೋವೈದ್ಯರನ್ನು ಕಾಣಿಸಿ. ಮುರಿದ ಮೂಳೆಗೆ ಚಿಕಿತ್ಸೆ ಇರುವ ಹಾಗೆ ಇದಕ್ಕೂ ಇದೆ. ಇದು ಸರಿಹೋಗದೆ ಕೆಲಸಕ್ಕೆ ಮರಳಿದರೆ ಹೆಚ್ಚು ದಿನ ನಿಲ್ಲುವುದು ಕಷ್ಟ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳು ಇಲ್ಲಿರಲಿ.

"ಮರೆವು ಇದೆ ಅಂತ ಕೆಲಸ ಕೊಟ್ಟವರಿಗೆ ಹೇಳಬೇಕಾ? ಹೇಳಿದರೆ ತೆಗೆದುಬಿಡ್ತಾರೆ ಅಂತ ಭಯ" ಎಂದು ಒಬ್ಬರು ಕೇಳಿದರು. ನಿಮ್ಮ ಮರೆವಿನಿಂದ ನಿಮಗೋ ಬೇರೆಯವರಿಗೋ ಪೆಟ್ಟಾಗುವ ಕೆಲಸವಾದರೆ ಹೇಳಲೇಬೇಕು ಎಂದೆ. ಉಳಿದ ಕೆಲಸಗಳಲ್ಲಿ ಕಾಯಿಲೆಯ ಹೆಸರಿಗಿಂತ ಬೇಕಾದ ವ್ಯವಸ್ಥೆಯನ್ನು ಕೇಳಿ. "ತಲೆಪೆಟ್ಟಿನಿಂದ ನೆನಪು ಹೋಗಿದೆ" ಎಂದರೆ ಎದುರಿನವರು ಗಾಬರಿಯಾಗುತ್ತಾರೆ. "ಹೊಸ ಕೆಲಸ ಹೇಳುವಾಗ ಬರೆದುಕೊಡಿ, ಒಂದಾದ ಮೇಲೆ ಒಂದು ಕೊಡಿ" ಎಂದರೆ ಅವರಿಗೂ ಏನು ಮಾಡಬೇಕೆಂದು ಗೊತ್ತಾಗುತ್ತದೆ.

ಇನ್ನೊಬ್ಬರದು, "ಎರಡು ವರ್ಷ ಆಯ್ತು, ಇನ್ನು ಸುಧಾರಣೆ ಆಗುತ್ತಾ?" ಎಂಬ ಪ್ರಶ್ನೆ. ಕೀಲಿನ ಬಿಗಿತ ಸಡಿಲವಾಗುವುದು, ನರದ ಶಕ್ತಿ ಮರಳುವುದು ಎರಡು ವರ್ಷದ ನಂತರ ತೀರಾ ನಿಧಾನವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ನಾಯುವಿನ ಬಲ, ದಮ್ಮು ಕಟ್ಟದೆ ಕೆಲಸ ಮಾಡುವ ಶಕ್ತಿ ವ್ಯಾಯಾಮಕ್ಕೆ ಯಾವ ವಯಸ್ಸಿನಲ್ಲೂ ಸ್ಪಂದಿಸುತ್ತವೆ. ಕೆಲಸ ಮಾಡುವ ಬಗೆ, ಉಪಕರಣ, ಹೊತ್ತು ಇವನ್ನು ಬದಲಿಸಲು ಅವಧಿಯೇ ಇಲ್ಲ. ಮುಂದೆ ಪ್ಲೇಟ್ ತೆಗೆಸುವ ಆಪರೇಷನ್ ಬರಬಹುದು, ಪೆಟ್ಟಾದ ಕೀಲಿನಲ್ಲಿ ಸವೆತ ಬೇಗ ಕಾಣಿಸಿಕೊಳ್ಳಬಹುದು. ಆಗ ಮತ್ತೆ ಕೆಲವು ವಾರ ರಜೆ, ಮತ್ತೆ ಎರಡು ಗಂಟೆಯಿಂದ ಶುರು. ಕೆಲಸಕ್ಕೆ ಮರಳುವ ಮೊದಲೇ ಇದನ್ನು ಕೆಲಸ ಕೊಟ್ಟವರ ಜೊತೆ ಮಾತಾಡಿ, ಬರೆದು ಇಟ್ಟುಕೊಳ್ಳಿ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು, ಏನೇನು ಬರೆಸಿಕೊಳ್ಳಬೇಕು ಹೇಳಿ ಎಂದರು. ಸಭೆ ಮುಗಿದ ಮೇಲೂ ನಾವಿಬ್ಬರು ಕೂತು ಅದನ್ನೇ ಬರೆದೆವು.